ವಿಧವಾ ವೇತನ ಬರುತ್ತಿದ್ದರೆ ಗೃಹಲಕ್ಷ್ಮಿ ಹಣ ಸಿಗುವುದಿಲ್ಲವೇ?

ಇದು ತಪ್ಪು ಮಾಹಿತಿ. ಇವೆರಡೂ ಬೇರೆ ಬೇರೆ ಯೋಜನೆಗಳು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯಲ್ಲಿ, ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಸಿಗುತ್ತದೆ. ವಿಧವಾ ವೇತನ ಅದಕ್ಕೆ ಅಡ್ಡಿಯಲ್ಲ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಸಿಗುವುದಿಲ್ಲ.

ನಿಜವಾದ ತೊಡಕು ಚೀಟಿಯಲ್ಲಿದೆ. ಗಂಡನಿಲ್ಲದೆ ಮಕ್ಕಳೊಂದಿಗೆ ತವರಿನಲ್ಲಿರುವ ತಾಯಿಯ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲಿದ್ದರೆ, ಹಣ ಯಜಮಾನಿಯಾದ ಅತ್ತೆಗೇ ಹೋಗುತ್ತದೆ.

ಏನು ಮಾಡಬೇಕು? ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕಿನವರು ಚೀಟಿಗಾಗಿ ಆಹಾರ ಇಲಾಖೆಯಲ್ಲಿ, ವಿಧವಾ ವೇತನಕ್ಕಾಗಿ ನಾಡಕಚೇರಿಯಲ್ಲಿ ವಿಚಾರಿಸಿ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ. ಹಂಚುವುದಾದರೆ ಈ ಮಾಹಿತಿ ಹಂಚಿ ಎಂಬುದು ನಮ್ಮ ಕೋರಿಕೆ.