ಹಿಂಸಾತ್ಮಕ ಬಾಲಾಪರಾಧ ಮತ್ತು ಭಾರತದ ಕಾನೂನು

ಹದಿನೆಂಟು ತುಂಬದವರು ಕೊಲೆ, ಅತ್ಯಾಚಾರ, ದರೋಡೆಯಂಥ ಕೃತ್ಯಗಳಲ್ಲಿ ಸಿಕ್ಕಿಬಿದ್ದಾಗ ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಭಾರತದಲ್ಲಿ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಗೊತ್ತುಮಾಡುತ್ತದೆ. 1986ರ ಕಾಯ್ದೆಯಲ್ಲಿ ವಯೋಮಿತಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. 2000ದ ಕಾಯ್ದೆ ಇಬ್ಬರಿಗೂ 18 ಎಂದಿತು. ಅಪರಾಧ ಎಂಥದೇ ಇರಲಿ, ವಿಶೇಷ ಗೃಹದಲ್ಲಿ ಹೆಚ್ಚೆಂದರೆ ಮೂರು ವರ್ಷ.

ದೆಹಲಿಯಲ್ಲಿ 2012ರ ಡಿಸೆಂಬರ್ 16ರಂದು ನಡೆದ ಸಾಮೂಹಿಕ ಅತ್ಯಾಚಾರದ ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟಕ್ಕೆ ಕೆಲವೇ ತಿಂಗಳು ಬಾಕಿಯಿತ್ತು. ವಯೋಮಿತಿ ಇಳಿಸಬೇಕೆಂಬ ಕೂಗನ್ನು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಪ್ಪಲಿಲ್ಲ, 2013ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಮೂರು ವರ್ಷ ಮುಗಿಸಿ ಆತ 2015ರ ಡಿಸೆಂಬರ್ 20ರಂದು ಹೊರಬಂದ. ಲೋಕಸಭೆ ಮೇ ತಿಂಗಳಲ್ಲೇ ಅಂಗೀಕರಿಸಿದ್ದ ಹೊಸ ಕಾಯ್ದೆಯ ಮಸೂದೆಗೆ ರಾಜ್ಯಸಭೆ ಒಪ್ಪಿಗೆ ಕೊಟ್ಟದ್ದು ಅದಾದ ಎರಡೇ ದಿನಕ್ಕೆ. ಯಾರ ಹೆಸರಿನಲ್ಲಿ ಅಷ್ಟು ಗದ್ದಲವಾಯಿತೋ ಅವನಿಗೆ ಅದು ಅನ್ವಯಿಸುವಂತಿರಲಿಲ್ಲ.

ಹೊಸ ಕಾಯ್ದೆ ವಯೋಮಿತಿಯನ್ನು ಮುಟ್ಟದೆ ಒಂದು ಕವಲುದಾರಿ ತೆರೆಯಿತು. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪಿಗೆ 16 ತುಂಬಿದ್ದರೆ, ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು. ಕೃತ್ಯ ಎಸಗುವಷ್ಟು ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮದ ಅರಿವಿತ್ತೇ, ಸಂದರ್ಭ ಯಾವುದು ಎಂಬುದರ ಮೇಲೆ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬಹುದು. ಕಾಯ್ದೆಯ ಅತಿ ದುರ್ಬಲ ಭಾಗ ಇದೇ. ಆರೋಪ ಇನ್ನೂ ಸಾಬೀತಾಗಿರುವುದಿಲ್ಲ. ಆದರೂ ಕೃತ್ಯದ ಹೊತ್ತಿನಲ್ಲಿ ಮನಸ್ಸು ಎಷ್ಟು ಬಲಿತಿತ್ತೆಂದು, ತಿಂಗಳುಗಳ ನಂತರ ಕುಳಿತು ಹೇಳಬೇಕು. ಗುರುಗ್ರಾಮದ ಶಾಲೆಯೊಂದರಲ್ಲಿ 2017ರಲ್ಲಿ ನಡೆದ ಬಾಲಕನ ಕೊಲೆಯಲ್ಲಿ ಪೊಲೀಸರು ಮೊದಲು ಹಿಡಿದದ್ದು ಬಸ್ ಕಂಡಕ್ಟರನನ್ನು. ಹನ್ನೊಂದನೇ ತರಗತಿಯ ವಿದ್ಯಾರ್ಥಿಯನ್ನು ಸಿಬಿಐ ವಶಕ್ಕೆ ಪಡೆದದ್ದು ಆಮೇಲೆ. ಆ ವಿದ್ಯಾರ್ಥಿಯ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2022ರಲ್ಲಿ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದಿತು.

ವಯಸ್ಕನಂತೆ ವಿಚಾರಣೆಯಾದರೂ ಮರಣದಂಡನೆಯಾಗಲಿ, ಬಿಡುಗಡೆಗೆ ಅವಕಾಶವೇ ಇಲ್ಲದ ಜೀವಾವಧಿಯಾಗಲಿ ಇಲ್ಲ. ಇಪ್ಪತ್ತೊಂದರವರೆಗೆ ಸುರಕ್ಷಿತ ಸ್ಥಳದಲ್ಲಿ ಇರಿಸಲಾಗುತ್ತದೆ. ಅವಧಿ ಉಳಿದಿದ್ದರೆ, ಆತ ಸುಧಾರಿಸಿದ್ದಾನೆಯೇ ಎಂದು ನೋಡಿ ಬಿಡುಗಡೆಯೋ ಜೈಲೋ ಎಂಬುದನ್ನು ವಿಚಾರಣೆ ನಡೆಸಿದ ಮಕ್ಕಳ ನ್ಯಾಯಾಲಯ ನಿರ್ಧರಿಸುತ್ತದೆ. ಹಳೆಯ ತೀರ್ಪು ಮುಂದಿನ ಬದುಕಿಗೆ ಅಡ್ಡಿಯಾಗಬಾರದೆಂದು ಉಳಿದ ಮಕ್ಕಳಿಗೆ ಇರುವ ರಕ್ಷಣೆ ಮಾತ್ರ ಇವರಿಗೆ ಸಿಗುವುದಿಲ್ಲ.