ಹೀಲಿಯಂ-ನಿಯಾನ್ ಲೇಸರ್ (ಬೋಧನೆಯಲ್ಲಿ)

ಹೀಲಿಯಂ ಮತ್ತು ನಿಯಾನ್ ಅನಿಲಗಳ ಮಿಶ್ರಣದಲ್ಲಿ ವಿದ್ಯುತ್ ವಿಸರ್ಜನೆಯ ಮೂಲಕ ಸಂಸಕ್ತ, ಅಂದರೆ ಅಲೆಗಳು ಹೆಜ್ಜೆ ತಪ್ಪದೆ ಸಾಗುವ, ಏಕವರ್ಣೀಯ ಬೆಳಕನ್ನು ಉತ್ಪಾದಿಸುವ ಈ ಅನಿಲ ಲೇಸರ್ ದೃಗ್ವಿಜ್ಞಾನದ ಬೋಧನೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅಲಿ ಜವಾನ್, ವಿಲಿಯಂ ಬೆನೆಟ್ ಮತ್ತು ಡೊನಾಲ್ಡ್ ಹೆರಿಯಟ್ 1960ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಮೊದಲ ಮಾದರಿ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೊಮ್ಮಿಸುತ್ತಿತ್ತು, 632.8 ನ್ಯಾನೊಮೀಟರ್ ತರಂಗಾಂತರದ ಕೆಂಪು ಕಿರಣ ದೊರೆತದ್ದು 1962ರಲ್ಲಿ. ಸೋಡಿಯಂ ದೀಪದ ವ್ಯತಿಕರಣ ಪಟ್ಟಿಗಳನ್ನು, ಅಂದರೆ ಅಲೆಗಳು ಒಂದರ ಮೇಲೊಂದು ಸೇರಿ ಮೂಡಿಸುವ ಬೆಳಕು-ಕತ್ತಲೆಯ ಪಟ್ಟಿಗಳನ್ನು, ಸಾಮಾನ್ಯವಾಗಿ ಒಬ್ಬೊಬ್ಬರೇ ನೇತ್ರಮಸೂರದಲ್ಲಿ ಇಣುಕಿ ನೋಡಬೇಕಾದರೆ, ಲೇಸರಿನ ಪಟ್ಟಿಗಳನ್ನು ಇಡೀ ತರಗತಿ ಗೋಡೆಯ ಮೇಲೆಯೇ ಕಾಣಬಹುದು. ಉಕ್ಕಿನ ಅಳತೆಪಟ್ಟಿಯ ಗೆರೆಗಳ ಮೇಲೆ ಕಿರಣವನ್ನು ಸವರಿದಂತೆ ಹಾಯಿಸಿ, ಗೋಡೆಯಲ್ಲಿ ಮೂಡುವ ಚುಕ್ಕೆಗಳ ಅಂತರದಿಂದ ತರಂಗಾಂತರವನ್ನು ಲೆಕ್ಕ ಹಾಕುವ ಪ್ರಯೋಗ ತರಗತಿಯ ಲೇಸರ್ ಪ್ರಯೋಗಗಳಲ್ಲಿ ಅತ್ಯಂತ ಸೊಗಸಾದುದು. ತರಗತಿಯ ಲೇಸರಿನ ಸಾಮರ್ಥ್ಯ ಸಾಮಾನ್ಯವಾಗಿ 1 ಮಿಲಿವ್ಯಾಟ್ ಆಸುಪಾಸಿನದಾದರೂ ಕಿರಣವನ್ನು ನೇರವಾಗಿ ನೋಡಕೂಡದು.