ಮಯ್ಯಿತ್ ಮೀಯಿಸುವ ಕೈಗಳು: ದೇವಣಿಯಿಂದ ಕೆಂಜಾರಿನವರೆಗೆ

ನಮ್ಮ ಬ್ಯಾರಿಗಳ ಮೊಹಲ್ಲಾದಲ್ಲಿ ಅಂತ್ಯಸಂಸ್ಕಾರಕ್ಕೆಂದೇ ಅಂಗಡಿ, ಕಚೇರಿ ಇಲ್ಲ. ಒಂದು ಮನೆಯಲ್ಲಿ ಮಯ್ಯಿತ್ ಆದರೆ ಯಾರೋ ಮಸೀದಿಗೆ ಓಡುತ್ತಾರೆ. ಸಂದೂಕ ಬರುತ್ತದೆ, ಮೀಯಿಸುವ ಹಲಗೆ ಬರುತ್ತದೆ, ಖಬರ್ ತೋಡುವವರು ಹಾರೆ, ಪಿಕ್ಕಾಸು ಹಿಡಿದು ಹೊರಡುತ್ತಾರೆ. ಎಲ್ಲವೂ ತನ್ನಷ್ಟಕ್ಕೇ ಆಗುವ ಹಾಗೆ ಕಾಣುತ್ತದೆ. ಹಾಗಲ್ಲ ಎಂದು ನನಗೆ ತಿಳಿದದ್ದು ಊರಿನಲ್ಲಲ್ಲ, ದೂರದ ದೇವಣಿಯಲ್ಲಿ.

1995ರಲ್ಲಿ ಬ್ಯಾಂಕ್ ಕೆಲಸದ ಮೇಲೆ ನನಗೆ ಉದಗೀರಕ್ಕೆ ವರ್ಗವಾಯಿತು. ಉದಗೀರ, ನಿಲಂಗಾ ಎಲ್ಲ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳ ವಿಂಗಡಣೆಯಲ್ಲಿ ಆ ಕಡೆಗೆ ಹೋದವು. ಈಗ ಅದು ಮಹಾರಾಷ್ಟ್ರದ ಲಾತೂರ್ ಜಿಲ್ಲೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಮಸೀದಿಯ ಜಗಲಿಯಲ್ಲಿ ದಖನಿ. ದೇವಣಿ ಎಂದರೆ ಕಪ್ಪು ಬಿಳಿ ಮಚ್ಚೆಯ ದನಗಳ ಊರು, ಆ ತಳಿಗೆ ಊರಿನದೇ ಹೆಸರು. ಹಸುಸಾಲದ ತಪಾಸಣೆಗೆ ಹೋಗುತ್ತಿದ್ದ ನನಗೆ ಅಲ್ಲಿ ಒಬ್ಬ ಮುದುಕರ ಪರಿಚಯವಾಯಿತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಎರಡು ಎಕರೆ ಜಮೀನು, ಒಂದು ಜೋಡಿ ಎತ್ತು. ಜೊತೆಗೆ ಅವರು ಊರಿನ ಘಸ್ಸಾಲ್, ಅಂದರೆ ಮಯ್ಯಿತ್ ಮೀಯಿಸುವವರು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅವರು ಏನು ಮಾಡುತ್ತಾರೆಂದು ತಿಳಿದ ದಿನ ಅವರು ಕೊಟ್ಟ ಚಹಾ ಕುಡಿಯಲು ನನ್ನ ಕೈ ಒಂದು ಕ್ಷಣ ತಡೆಯಿತು. ಅವರು ಅದನ್ನು ಗಮನಿಸಿದರು, ಏನೂ ಅನ್ನಲಿಲ್ಲ. ಊರಿನ ಬೇರೆಯವರೂ ಹಾಗೆಯೇ ಇದ್ದರು. ಮಯ್ಯಿತ್ ಆದಾಗ ಮೊದಲು ಬೇಕಾದವರು, ಮದುವೆಯ ಪಂಕ್ತಿಯಲ್ಲಿ ಕೊನೆಗೆ ನೆನಪಾಗುವವರು.

ಕೆಲಸವನ್ನು ಅವರಿಂದಲೇ ಕೇಳಿ ತಿಳಿದೆ. ನೀರು ಉಗುರುಬೆಚ್ಚಗಿರಬೇಕು, ಬದುಕಿರುವವರ ಮೈ ತಾಳುವಷ್ಟೇ ಬಿಸಿ. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಟ್ಟೆ ಮುಚ್ಚಿರಬೇಕು, ಎಡಗೈಗೆ ಬಟ್ಟೆ ಸುತ್ತಿರಬೇಕು, ಹೊಟ್ಟೆಯನ್ನು ಮೆಲ್ಲಗೆ ಒತ್ತಬೇಕು. ಬೋರೆ ಎಲೆಯ ನೀರು, ಕೊನೆಗೆ ಕರ್ಪೂರದ ನೀರು. ಎಲ್ಲಕ್ಕಿಂತ ಕಷ್ಟದ್ದು ಹಲಗೆಯ ಮೇಲೆ ಕಂಡದ್ದನ್ನು ಹೊರಗೆ ಆಡದಿರುವುದು. ಹುಣ್ಣು, ಹಳೆಯ ಗಾಯ, ಬಾಸುಂಡೆ, ಒಂದು ಮನೆ ಮುಚ್ಚಿಟ್ಟ ಎಷ್ಟೋ ಸಂಗತಿಗಳು ಆ ಹಲಗೆಯ ಮೇಲೆ ಬಯಲಾಗುತ್ತವೆ. ಚಾಚಾ ಹನಫಿ, ನಾನು ಶಾಫಿ. ಗಂಡ ತೀರಿಹೋದ ಹೆಂಡತಿಯನ್ನು ಮೀಯಿಸಬಹುದೇ ಎಂಬುದರಲ್ಲಿ ನಮ್ಮಿಬ್ಬರ ಗ್ರಂಥಗಳಿಗೆ ಭೇದವಿದೆ. ನಮ್ಮಲ್ಲಿ ಆಗುತ್ತದೆ, ಅವರಲ್ಲಿ ಇಲ್ಲ. ಇದರ ಮೇಲೆ ಒಂದು ಸಂಜೆ ಇಡೀ ವಾದ ಮಾಡಿದ್ದೆವು.

ಆದರೆ ಅವರ ಮಾತು ಎಲ್ಲಿಂದ ಹೊರಟರೂ ಕಿಲ್ಲಾರಿಗೆ ಬಂದು ನಿಲ್ಲುತ್ತಿತ್ತು. 1993ರ ಸೆಪ್ಟೆಂಬರ್ 30, ಗುರುವಾರ, ಬೆಳಗಿನ ಜಾವ 3.56. ಹಿಂದಿನ ದಿನ ಗಣೇಶನ ವಿಸರ್ಜನೆ ಮುಗಿಸಿ ಜನ ಆಗಷ್ಟೇ ಮಲಗಿದ್ದರು. 6.2 ಪ್ರಮಾಣದ ಭೂಕಂಪ. ಆ ಸೀಮೆಯ ಮನೆಗಳು ಕಲ್ಲು, ಮಣ್ಣಿನ ದಪ್ಪ ಗೋಡೆಯವು, ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲಿಗೆಂದು ಹಾಕಿದ ಮಣ್ಣಿನ ಭಾರ. ತಂಪು ಕೊಡುತ್ತಿದ್ದ ಅದೇ ಮಣ್ಣು ಮೈಮೇಲೆ ಬಿತ್ತು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ, ನಿಲಂಗಾ, ಉಮರ್ಗಾದ ಆಸುಪಾಸಿನಲ್ಲಿ, ಸರಕಾರದ ಲೆಕ್ಕದಲ್ಲೇ ಸುಮಾರು 8 ಸಾವಿರ ಜನ, ಬೇರೆ ಲೆಕ್ಕಗಳಲ್ಲಿ 10 ಸಾವಿರದ ಹತ್ತಿರ. ಆಮೇಲೆ ಮಳೆ. ಬಿದ್ದ ಮನೆಗಳ ತೊಲೆಗಳೇ ಚಿತೆಯ ಸೌದೆಯಾದವು.

ಚಾಚಾ ಮತ್ತು ಇನ್ನೂ ಕೆಲವರು ಆ ಕಡೆ ಹೋಗಿದ್ದರು. ಕಟ್ಟಡ ಕುಸಿದು ಸತ್ತವರು ಶಹೀದರ ಸಾಲಿನವರೆಂದು ಹದೀಸಿನಲ್ಲಿದೆ, ಆದರೂ ಅವರನ್ನು ಮೀಯಿಸಲೇಬೇಕು. ಕೆಲಸ ಕಠಿಣವೇ, ಆದರೆ ಅವರನ್ನು ತಡೆದು ನಿಲ್ಲಿಸಿದ್ದು ಬೇರೆ. ಅವರು ಹಲಗೆಯ ಮುಂದೆ ನಿಂತಾಗ ಮೊದಲು ಕೇಳುತ್ತಿದ್ದದ್ದು, ಹೆಸರೇನು, ಯಾರ ಮಗ? ಅಲ್ಲಿ ಅದಕ್ಕೆ ಉತ್ತರ ಕೊಡಲು ಕೆಲವು ಮನೆಗಳಲ್ಲಿ ಯಾರೂ ಉಳಿದಿರಲಿಲ್ಲ. "ಹೆಸರು ಗೊತ್ತಿಲ್ಲದವರಿಗೆ ನೀರು ಹೊಯ್ದೆ ನೋಡು, ಸಾಹೇಬ, ಕೈ ನಡುಗಿದ್ದು ಆವಾಗ" ಎಂದಿದ್ದರು.

ಇಂಥ ಹೊತ್ತಿನಲ್ಲಿ ರೋಗ ಹರಡುತ್ತದೆಂಬ ಭಯಕ್ಕೆ ಅವಸರದಲ್ಲಿ ಎಲ್ಲರನ್ನೂ ಒಟ್ಟಿಗೆ ಮುಗಿಸಿಬಿಡುವುದು ಎಲ್ಲ ಕಡೆ ನಡೆಯುತ್ತಿತ್ತು. 2004ರ ಸುನಾಮಿಯ ನಂತರ, 2006ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ, ರೆಡ್‌ಕ್ರಾಸ್ ಮುಂತಾದವು ಸೇರಿ ಕೈಪಿಡಿಯೊಂದನ್ನು ತಂದವು. ಇಂಥ ದುರಂತದಲ್ಲಿ ಮೃತರ ದೇಹಗಳಿಂದ ಸಾಂಕ್ರಾಮಿಕ ಹರಡುತ್ತದೆ ಎಂಬುದು ತಪ್ಪು ತಿಳಿವಳಿಕೆ, ಮೊದಲು ಗುರುತು ಹಿಡಿಯಿರಿ, ಫೋಟೋ ತೆಗೆಯಿರಿ, ಸಂಖ್ಯೆ ಕೊಡಿ ಎಂದು ಅದು ಹೇಳುತ್ತದೆ. ಚಾಚಾನ ಮೊದಲ ಪ್ರಶ್ನೆಯೇ ಅದು.

ಆ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂತು. 2010ರ ಮೇ 22, ಶನಿವಾರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನಲ್ಲಿ ಕಂದಕಕ್ಕೆ ಬಿತ್ತು. 166 ಜನರಲ್ಲಿ 158 ಮಂದಿ ಹೋದರು. ವೆನ್ಲಾಕ್ ಶವಾಗಾರದ ಹೊರಗೆ ನಿಂತಿದ್ದವರು ಯಾರಿಗೂ ಆ ದಿನ ಮರೆಯುವುದಿಲ್ಲ. ಸುಟ್ಟ ಶರೀರಕ್ಕೆ ನೀರು ತಾಗಿದರೆ ಕಳಚಿಹೋಗುವಂತಿದ್ದರೆ ತಯಮ್ಮುಮ್ ಸಾಕು ಎಂದು ನಮ್ಮ ಗ್ರಂಥಗಳಲ್ಲಿದೆ. ಓದಿದ್ದ ಆ ಸಾಲು ಅಷ್ಟು ಹತ್ತಿರ ಬರುತ್ತದೆಂದು ನಾನಂದುಕೊಂಡಿರಲಿಲ್ಲ. ಡಿಎನ್‌ಎ ಪರೀಕ್ಷೆ ಹೈದರಾಬಾದಿನಲ್ಲಾಯಿತು. ಆದರೂ 12 ಶರೀರಗಳಿಗೆ ಹೆಸರು ಸಿಗಲಿಲ್ಲ. ಕೂಳೂರು ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ, ನದಿಯ ಹತ್ತಿರ, ಅವರಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ನಾನು ಬೈಕ್ ನಿಲ್ಲಿಸುತ್ತೇನೆ.

ಗಲ್ಫಿನಿಂದ ಪೆಟ್ಟಿಗೆಯಲ್ಲಿ ಬರುವ ಮಯ್ಯಿತ್ತಿನ ಕಥೆ ನಿಮಗೆಲ್ಲ ಗೊತ್ತಿದೆ. ಎಂಬಾಮಿಂಗ್ ಪತ್ರ, ಪಾಸ್‌ಪೋರ್ಟ್ ರದ್ದತಿ, ಕಾರ್ಗೋ. 2019ರವರೆಗೆ ಏರ್ ಇಂಡಿಯಾ ಪೆಟ್ಟಿಗೆಯನ್ನು ತೂಗಿ ದರ ಹಾಕುತ್ತಿತ್ತು. ಆ ವರ್ಷ ಜನವರಿಯಲ್ಲಿ ಯುಎಇಯಿಂದ ದೊಡ್ಡವರಿಗೆ 1,500 ದಿರ್ಹಮ್ ಎಂದು ಒಂದೇ ದರವಾಯಿತು. ಮನುಷ್ಯನನ್ನು ಕಿಲೋ ಲೆಕ್ಕದಲ್ಲಿ ಕಳಿಸುವುದು ನಿಲ್ಲಲು ಅಷ್ಟು ವರ್ಷ ಬೇಕಾಯಿತು. ಮರುವರ್ಷವೇ ಕೋವಿಡ್. 2020ರ ಮಾರ್ಚಿನ ಸರಕಾರದ ನಿಯಮ ಮೀಯಿಸುವುದನ್ನೂ ಮುಟ್ಟುವುದನ್ನೂ ತಡೆಯಿತು. ಚೀಲದ ಜಿಪ್ ತೆರೆದು ಮುಖ ನೋಡಲು ಬಿಟ್ಟರೆ ಅದೇ ಪುಣ್ಯ.

ನಮ್ಮ ಮೊಹಲ್ಲಾದಲ್ಲಿ ಈಗ ಗಂಡಸರನ್ನು ಮೀಯಿಸಲು ಇಬ್ಬರಿದ್ದಾರೆ, ಇಬ್ಬರೂ ಎಪ್ಪತ್ತು ದಾಟಿದವರು. ಹೆಂಗಸರಿಗೆ ಒಬ್ಬರೇ ಮಾಮಿ, ಅವರಿಗೆ ಮಂಡಿನೋವು. ಕಳೆದ ವರ್ಷ ನನ್ನ ಉಮ್ಮ ತೀರಿಕೊಂಡಾಗ ಬಂದವರೂ ಅವರೇ. ಫರ್ಳ್ ಕಿಫಾಯ ಎನ್ನುತ್ತೇವೆ, ಅಂದರೆ ಕೆಲವರು ಮಾಡಿದರೆ ಊರಿನ ಹೊಣೆ ತೀರುತ್ತದೆ. ಆ ಕೆಲವರು ನಾವಲ್ಲ, ಬೇರೆ ಯಾರೋ ಎಂದು ಎಲ್ಲರೂ ಕುಳಿತಿದ್ದೇವೆ. ಅಂದು ಮಾಮಿಗೆ ಬಗ್ಗಲಾಗಲಿಲ್ಲ. ಪರದೆಯ ಆಚೆಯಿಂದ ಅವರ ದನಿ ಕೇಳಿತು, "ನೀರು ಹೊಯ್ಯಲು ಯಾರಾದರೂ ಬನ್ನಿ ಮಕ್ಕಳೇ." ಬಿ.ಕಾಂ. ಓದುತ್ತಿರುವ ನನ್ನ ಕಿರಿಯ ಮಗಳು ತೋಳು ಮಡಚಿಕೊಂಡು ಒಳಗೆ ಹೋದಳು. ಹೊರಗೆ ಬಂದಮೇಲೆ ಅವಳೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ಮಾಡಿ ತಂದುಕೊಟ್ಟಳು. ಕುಡಿದೆ.